ಒಂದು ಸಾಲಿನ ಪ್ಯಾಚ್, ಎರಡು ಸಲ ಒಂದೇ ಬ್ಲಾಕಿಗೆ ನಿಂತ ನೋಡ್: ಕಲಬುರಗಿಯ ಒಂದು ಪ್ರಕರಣ

ಕಲಬುರಗಿಯ ಸೇಡಂ ರಸ್ತೆಯಲ್ಲಿ ಮೂವರು ಡೆವಲಪರ್‌ಗಳಿರುವ ಸಣ್ಣ ಸಾಫ್ಟ್‌ವೇರ್ ಕಚೇರಿ. ಹೊರಗಿನ ಗ್ರಾಹಕರೊಬ್ಬರಿಗಾಗಿ ಬಿಟ್‌ಕಾಯಿನ್ ಪಾವತಿಗಳ ಮೇಲೆ ಕಣ್ಣಿಡುವ ಟೂಲ್ ಒಂದನ್ನು ಇವರು ನಡೆಸುತ್ತಾರೆ. ಹಣ ಬಂತೇ, ಎಷ್ಟು ಕನ್ಫರ್ಮೇಶನ್ (ಪಾವತಿ ಸೇರಿದ ಬ್ಲಾಕಿನಿಂದ ಮುಂದೆ ಎಷ್ಟು ಬ್ಲಾಕ್ ಆಯಿತೆಂಬ ಎಣಿಕೆ) ಆಯಿತು ಎಂದು ನೋಡುವುದು, ಹೊರಹೋಗುವ ವಹಿವಾಟನ್ನು ಬೇರೆ ಕಡೆ ಸಹಿ ಮಾಡಿಸಿಕೊಂಡು ಜಾಲಕ್ಕೆ ಬಿಡುವುದು ಅದರ ಕೆಲಸ. ಅದಕ್ಕೆ ಆಧಾರ ಕಚೇರಿಯಲ್ಲೇ ಇರುವ ಒಂದು ಮಿನಿ ಪಿಸಿ: ನಾಲ್ಕು ಕೋರ್, 16 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ ಡಿಸ್ಕ್, ಮೇಲೆ ಉಬುಂಟು. ಅದರಲ್ಲಿ ಬಿಟ್‌ಕಾಯಿನ್ ಜಾಲದ ಮುಖ್ಯ ಸಾಫ್ಟ್‌ವೇರ್ ಆದ ಬಿಟ್‌ಕಾಯಿನ್ ಕೋರ್ 29.0, ಸೋರ್ಸ್‌ನಿಂದ ಕಂಪೈಲ್ ಮಾಡಿದ್ದು. ಇದು ನೋಡ್, ಅಂದರೆ ಜಾಲದ ಪ್ರತಿ ಬ್ಲಾಕನ್ನು (ವಹಿವಾಟುಗಳ ಕಂತೆ) ತಾನೇ ಪರಿಶೀಲಿಸಿ ಸರಪಳಿಗೆ ಜೋಡಿಸಿಕೊಳ್ಳುವ ಯಂತ್ರ. ಪ್ರೂನ್ ಮಾಡದ, ಅಂದರೆ ಹಳೆಯ ಬ್ಲಾಕ್ ಕಡತಗಳನ್ನು ಅಳಿಸದ, ಪೂರ್ಣ ನೋಡ್ ಆದ್ದರಿಂದ ಬ್ಲಾಕ್ ಕಡತಗಳೇ ಏಳು ನೂರು ಜಿಬಿಯ ಹತ್ತಿರ ಬಂದಿದ್ದವು.

ಸೋರ್ಸ್‌ನಿಂದ ಕಂಪೈಲ್ ಮಾಡಿದ್ದಕ್ಕೆ ಕಾರಣ ಒಂದೇ, ಇವರದೇ ಒಂದು ಪ್ಯಾಚ್, ಅಂದರೆ ಕೋಡಿಗೆ ಮಾಡಿದ ಸಣ್ಣ ಬದಲಾವಣೆ. ಈ ಬರಹ ಆ ಪ್ಯಾಚಿನದು. ಅದರಲ್ಲಿ ಬದಲಾಗಿದ್ದದ್ದು ಒಂದೇ ಸಾಲು.

ಪ್ಯಾಚ್ ಯಾಕೆ ಬಂತು

ಬಿಟ್‌ಕಾಯಿನ್ ವಹಿವಾಟಿನಲ್ಲಿ ಶುಲ್ಕ ಎಂಬ ಅಂಕಣವೇ ಇಲ್ಲ. ಒಳಬಂದ ಮೊತ್ತದಲ್ಲಿ ಹೊರಹೋದ ಮೊತ್ತ ಕಳೆದರೆ ಉಳಿದದ್ದೆಲ್ಲ ಬ್ಲಾಕ್ ಕಟ್ಟುವ ಮೈನರ್‌ಗೆ. ಚಿಲ್ಲರೆ ವಾಪಸ್ ಬರಬೇಕಾದ ಔಟ್‌ಪುಟ್ ಸೇರಿಸಲು ಮರೆತರೆ ಆ ಚಿಲ್ಲರೆ ಪೂರ್ತಿ ಶುಲ್ಕವಾಗಿಬಿಡುತ್ತದೆ. ಇದು ಕಾಲ್ಪನಿಕ ಭಯವಲ್ಲ. 2016ರ ಏಪ್ರಿಲ್‌ನಲ್ಲಿ ಒಂದೇ ವಹಿವಾಟಿಗೆ 291 ಬಿಟ್‌ಕಾಯಿನ್ ಶುಲ್ಕ ಹೋಗಿದೆ. 2023ರ ಸೆಪ್ಟೆಂಬರ್‌ನಲ್ಲಿ 19ಕ್ಕೂ ಹೆಚ್ಚು, ಅದೇ ವರ್ಷದ ನವೆಂಬರ್‌ನಲ್ಲಿ 83ಕ್ಕೂ ಹೆಚ್ಚು.

ಇಂಥದ್ದು ತಮ್ಮ ಗ್ರಾಹಕರಿಗೆ ಆಗಬಾರದೆಂದು ತಂಡದ ಕಿರಿಯ ಡೆವಲಪರ್ ಒಂದು ಮಿತಿ ಹಾಕಲು ಹೊರಟರು: 0.1 ಬಿಟ್‌ಕಾಯಿನ್, ಅಂದರೆ ಒಂದು ಕೋಟಿ ಸತೋಶಿ. ಈ ಅಂಕಿಯನ್ನು ಎಲ್ಲಿಂದಲೋ ತಂದದ್ದಲ್ಲ. ಕೋರ್‌ನ ವಾಲೆಟ್‌ನಲ್ಲಿರುವ ‘ಮ್ಯಾಕ್ಸ್‌ಟಿಎಕ್ಸ್‌ಫೀ’ ಆಯ್ಕೆಯ ಡೀಫಾಲ್ಟ್ ಮೊತ್ತವೂ ಅಷ್ಟೇ. ಆದರೆ ಆ ಆಯ್ಕೆ ನೋಡ್‌ನ ಸ್ವಂತ ವಾಲೆಟ್ ಕಟ್ಟಿದ ವಹಿವಾಟಿಗೆ ಮಾತ್ರ ಲಗಾವಾಗುತ್ತದೆ. ಹೊರಗೆ ಸಹಿಯಾಗಿ ‘ಸೆಂಡ್‌ರಾಟ್ರಾನ್ಸಾಕ್ಷನ್’ ಆದೇಶದ ಮೂಲಕ ಬರುವುದಕ್ಕೆ ‘ಮ್ಯಾಕ್ಸ್‌ಫೀರೇಟ್’ ಇದೆ, ಅದರ ಡೀಫಾಲ್ಟ್ ಪ್ರತಿ ಸಾವಿರ ವರ್ಚುವಲ್ ಬೈಟಿಗೆ (ವಹಿವಾಟಿನ ಗಾತ್ರದ ಅಳತೆ) 0.10 ಬಿಟ್‌ಕಾಯಿನ್. ಅದು ದರದ ಮಿತಿಯೇ ಹೊರತು ಒಟ್ಟು ಮೊತ್ತದ ಮಿತಿಯಲ್ಲ. ಇವರಿಗೆ ಬೇಕಾದದ್ದು ಒಟ್ಟು ಮೊತ್ತಕ್ಕೆ ಮಿತಿ.

ಶುಲ್ಕವನ್ನು ಲೆಕ್ಕ ಹಾಕುವ ಜಾಗ ಕೋಡಿನಲ್ಲಿ ಎಲ್ಲಿದೆ ಎಂದು ಹುಡುಕಿದರೆ ಮೊದಲು ಸಿಗುವುದು ‘ಚೆಕ್‌ಟಿಎಕ್ಸ್‌ಇನ್‌ಪುಟ್ಸ್’ ಎಂಬ ಫಂಕ್ಷನ್. ಇನ್‌ಪುಟ್‌ಗಳ ಮೊತ್ತದಿಂದ ಔಟ್‌ಪುಟ್‌ಗಳ ಮೊತ್ತ ಕಳೆದು, ಬಂದ ಶುಲ್ಕ ಅರ್ಥವಿರುವ ವ್ಯಾಪ್ತಿಯಲ್ಲಿದೆಯೇ ಎಂದು ನೋಡುವ ಒಂದು ‘ಇಫ್’ ಅಲ್ಲಿದೆ. ಇಲ್ಲದಿದ್ದರೆ ‘ಶುಲ್ಕ ವ್ಯಾಪ್ತಿಯಿಂದ ಹೊರಗೆ’ ಎಂಬ ಕಾರಣ ಕೊಟ್ಟು ತಿರಸ್ಕರಿಸುತ್ತದೆ. ಆ ‘ಇಫ್’ಗೇ ‘ಅಥವಾ ಶುಲ್ಕ ಒಂದು ಕೋಟಿ ಸತೋಶಿಗಿಂತ ಹೆಚ್ಚಿದ್ದರೆ’ ಎಂದು ಸೇರಿಸಿದರು. ತಿರಸ್ಕಾರದ ಕಾರಣದ ಪದಗಳನ್ನು ಮುಟ್ಟಲಿಲ್ಲ, ಹಳೆಯದೇ ಹೊಂದುತ್ತಿತ್ತು.

ರೆಗ್‌ಟೆಸ್ಟ್‌ನಲ್ಲಿ (ತಮ್ಮ ಯಂತ್ರದಲ್ಲೇ ನಡೆಸುವ ಖಾಸಗಿ ಪರೀಕ್ಷಾ ಜಾಲ) ಹೆಚ್ಚು ಶುಲ್ಕದ ವಹಿವಾಟು ಕಳಿಸಿದರೆ ನೋಡ್ ನಿರಾಕರಿಸಿತು. ವಾಲೆಟ್ ಗುಂಪಿನ ಪರೀಕ್ಷೆಗಳನ್ನು ಓಡಿಸಿದರು. ಸಿಗ್ನೆಟ್ ಎಂಬ ಸಾರ್ವಜನಿಕ ಪರೀಕ್ಷಾ ಜಾಲದಲ್ಲಿ ಒಂದು ವಾರ ಇಟ್ಟರು, ಏನೂ ಆಗಲಿಲ್ಲ. ಸಿಗ್ನೆಟ್ ನಾಣ್ಯಕ್ಕೆ ಬೆಲೆಯಿಲ್ಲ, ಅಲ್ಲಿ ಇಷ್ಟು ಶುಲ್ಕ ಕಟ್ಟುವ ಕಾರಣ ಯಾರಿಗೂ ಇರುವುದಿಲ್ಲ. ರಿವ್ಯೂ ಮಾಡಿದ ಹಿರಿಯರು ‘ಸರಿ ಅದ’ ಎಂದು ಬರೆದು ಒಪ್ಪಿಗೆ ಕೊಟ್ಟರು. ಪ್ಯಾಚ್ ಮುಖ್ಯ ಜಾಲದ ನೋಡ್‌ಗೆ ಹೋಯಿತು.

ಗಾಳಿ ಮಳೆಯ ರಾತ್ರಿ

ಮೇ ತಿಂಗಳು. ಹಗಲೆಲ್ಲ ನಲವತ್ತು ಡಿಗ್ರಿ ಮೀರಿದ ಬಿಸಿಲು, ಸಂಜೆ ಒಮ್ಮೆಲೇ ಗಾಳಿ, ಗುಡುಗು, ಕರೆಂಟ್ ಬಂದ್. ಈ ಭಾಗದಲ್ಲಿ ಇದೇನೂ ಹೊಸದಲ್ಲ ಎಂದೇ 600 ವಿಎ ಯುಪಿಎಸ್ ಇಟ್ಟು, ಬ್ಯಾಟರಿ ಇಳಿದಾಗ ನೋಡ್ ಅನ್ನು ಕ್ರಮವಾಗಿ ನಿಲ್ಲಿಸುವ ಎನ್‌ಯುಟಿ ಸಾಫ್ಟ್‌ವೇರನ್ನೂ ಹಾಕಿದ್ದರು. ಕರೆಂಟ್ ಬಂದದ್ದು ಮರುದಿನ ಬೆಳಗ್ಗೆ. ನೋಡ್ ಎದ್ದಾಗ ಎಪ್ಪತ್ತರಷ್ಟು ಬ್ಲಾಕ್ ಹಿಂದೆ ಬಿದ್ದಿತ್ತು. ಹೆಡರ್‌ಗಳನ್ನೆಲ್ಲ (ಪ್ರತಿ ಬ್ಲಾಕಿನ ಚಿಕ್ಕ ತಲೆಬರಹ) ಕ್ಷಣದಲ್ಲಿ ತಂದುಕೊಂಡು, ಕೆಲವು ಬ್ಲಾಕ್ ಜೋಡಿಸಿ, ಒಂದು ಕಡೆ ನಿಂತಿತು. ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಲಾಗ್‌ನಲ್ಲಿ ಎರಡು ಸಂಗತಿ ಕಾಣುತ್ತಿದ್ದವು. ಒಂದು, ಬ್ಲಾಕ್ ಜೋಡಿಸುವ ‘ಕನೆಕ್ಟ್‌ಬ್ಲಾಕ್’ ಫಂಕ್ಷನ್‌ನಲ್ಲಿ ಒಂದು ವಹಿವಾಟಿನ ಶುಲ್ಕ ವ್ಯಾಪ್ತಿಯಿಂದ ಹೊರಗಿದೆ ಎಂಬ ಸಾಲು. ಇನ್ನೊಂದು ಎಚ್ಚರಿಕೆ: ನಮ್ಮ ಸರಪಳಿಗಿಂತ ಸುಮಾರು ಆರು ಬ್ಲಾಕಾದರೂ ಉದ್ದದ ಅಮಾನ್ಯ ಸರಪಳಿ ಕಂಡಿದೆ, ಚೈನ್‌ಸ್ಟೇಟ್ (ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿ) ಡೇಟಾಬೇಸ್ ಕೆಟ್ಟಿರುವ ಸಂಭವವಿದೆ.

ಎರಡನೆಯದು ತಂಡವನ್ನು ದಾರಿ ತಪ್ಪಿಸಿತು. ರಾತ್ರಿ ಕರೆಂಟ್ ಹೋಗಿದೆ, ಬೆಳಗ್ಗೆ ಲಾಗ್ ‘ಡೇಟಾಬೇಸ್ ಕೆಟ್ಟಿದೆ’ ಅನ್ನುತ್ತಿದೆ. ಇನ್ನೇನು ಬೇಕು?

‘ಇದು ಕರೆಂಟಿನ ಆಟರಿ ಸರ. ಡೇಟಾಬೇಸ್ ಕೆಟ್ಟದ, ರೀಇಂಡೆಕ್ಸ್ ಹಚ್ಚಿ ಬಿಡ್ರಿ’ ಎಂದು ತಂಡದಲ್ಲೊಬ್ಬರು ಅಂದರು.

ಈ ಎಚ್ಚರಿಕೆ ಆ ದಿನವೇ ಕಂಡದ್ದಕ್ಕೆ ಕರೆಂಟ್ ಕಾರಣವೇ ಹೌದು, ಆದರೆ ಇವರು ಅಂದುಕೊಂಡ ರೀತಿಯಲ್ಲಲ್ಲ. ನೋಡ್ ಜಾಗೃತವಾಗಿದ್ದು ಒಂದು ಬ್ಲಾಕನ್ನು ತಿರಸ್ಕರಿಸಿದರೆ, ಅದರ ಮೇಲೆ ಬರುವ ಹೊಸ ಹೆಡರ್‌ಗಳನ್ನೂ ಒಪ್ಪುವುದಿಲ್ಲ. ಹಾಗಾಗಿ ‘ಆರು ಬ್ಲಾಕ್ ಉದ್ದದ ಸರಪಳಿ’ ಅದರ ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿಯೆಲ್ಲ ಮಲಗಿ ಎದ್ದ ನೋಡ್ ಮೊದಲು ಎಪ್ಪತ್ತು ಹೆಡರ್ ತಂದುಕೊಂಡಿತ್ತು, ಬ್ಲಾಕ್ ತಿರಸ್ಕರಿಸಿದ್ದು ಆಮೇಲೆ. ಆದ್ದರಿಂದಲೇ ಉದ್ದದ ಸರಪಳಿ ಕಣ್ಣೆದುರಿತ್ತು. ಕರೆಂಟ್ ಹೋಗದಿದ್ದರೆ ಆ ಎಚ್ಚರಿಕೆ ಇಲ್ಲದೆ ನೋಡ್ ಸದ್ದಿಲ್ಲದೆ ನಿಂತುಬಿಡುತ್ತಿತ್ತು.

ಅದೇ ಲಾಗ್‌ನಲ್ಲಿ ಸ್ವಲ್ಪ ಮೇಲಕ್ಕೆ ಹೋಗಿದ್ದರೆ ಹಿಂದಿನ ಸಂಜೆಯ ಕೊನೆಯ ಸಾಲು ಸಿಗುತ್ತಿತ್ತು: ‘ಶಟ್‌ಡೌನ್: ಡನ್’. ಅಂದರೆ ಎನ್‌ಯುಟಿ ತನ್ನ ಕೆಲಸ ಮಾಡಿತ್ತು, ಕ್ಯಾಶ್‌ನಲ್ಲಿದ್ದದ್ದೆಲ್ಲ ಡಿಸ್ಕಿಗೆ ಇಳಿದ ಮೇಲೇ ಯಂತ್ರ ನಿಂತಿತ್ತು. ಆ ಸಾಲು ಇರದಿದ್ದರೂ ಭಯಪಡಬೇಕಿರಲಿಲ್ಲ. ಏಕಾಏಕಿ ಕರೆಂಟ್ ಹೋದರೆ ನೋಡ್ ಕೊನೆಯ ಸಲ ಡಿಸ್ಕಿಗೆ ಬರೆದ ಜಾಗದಿಂದ ಬ್ಲಾಕ್‌ಗಳನ್ನು ಮತ್ತೆ ಜೋಡಿಸಿಕೊಂಡು ಬರುವಂತೆಯೇ ಅದನ್ನು ಕಟ್ಟಿದ್ದಾರೆ. ಡೇಟಾಬೇಸ್ ನಿಜವಾಗಿ ಕೆಡುವುದು ಹೆಚ್ಚಾಗಿ ಡಿಸ್ಕ್ ‘ಬರೆದೆ’ ಎಂದು ಸುಳ್ಳು ಹೇಳಿದಾಗ. ಅಗ್ಗದ ಯುಎಸ್‌ಬಿ ಕೇಸ್‌ನಲ್ಲಿ ಹಾಕಿದ ಎಸ್‌ಎಸ್‌ಡಿಗಳಲ್ಲಿ ಇದು ಸಾಮಾನ್ಯ. ಆಗ ಲಾಗ್‌ನಲ್ಲಿ ಬರುವುದು ಲೆವೆಲ್‌ಡಿಬಿ ಎಂಬ ಆ ಡೇಟಾಬೇಸಿನ ಚೆಕ್‌ಸಮ್ (ಬರೆದದ್ದು ಕೆಟ್ಟಿಲ್ಲವೆಂದು ತಾಳೆ ನೋಡುವ ಅಂಕಿ) ಹೊಂದುತ್ತಿಲ್ಲ ಎಂಬ ದೂರು. ‘ಈ ವಹಿವಾಟು ನಿಯಮ ಮೀರಿದೆ’ ಎನ್ನುವುದು ಬೇರೆಯೇ ಮಾತು.

ಔಷಧಿಯೇ ರೋಗ ಹೆಚ್ಚಿಸಿದ್ದು

ಮೊದಲು ಹಚ್ಚಿದ್ದು ‘ರೀಇಂಡೆಕ್ಸ್-ಚೈನ್‌ಸ್ಟೇಟ್’. ಇದು ಚೈನ್‌ಸ್ಟೇಟನ್ನು ಅಳಿಸಿ, ಡಿಸ್ಕಿನಲ್ಲಿರುವ ಬ್ಲಾಕ್‌ಗಳನ್ನು ಮೊದಲನೆಯದರಿಂದ ಮತ್ತೆ ಜೋಡಿಸುತ್ತದೆ. ಪ್ರೂನ್ ಮಾಡಿದ ನೋಡ್‌ಗೆ ಈ ಆಯ್ಕೆ ಸಿಗುವುದೇ ಇಲ್ಲ, ಅಲ್ಲಿ ಪೂರ್ಣ ‘ರೀಇಂಡೆಕ್ಸ್’ ಒಂದೇ ದಾರಿ. ಚಹಾ ಕುಡಿದು ಬರುವಷ್ಟರಲ್ಲಿ ನೋಡ್ ಮತ್ತೆ ನಿಂತಿತ್ತು. ಬೆಳಗ್ಗೆ ನಿಂತಿದ್ದ ಎತ್ತರ, ಅಂದರೆ ಬ್ಲಾಕಿನ ಕ್ರಮಸಂಖ್ಯೆ, ಒಂಬತ್ತು ಲಕ್ಷದ ಹತ್ತಿರ. ಈಗಿನದು ಎರಡು ಲಕ್ಷವೂ ದಾಟಿರಲಿಲ್ಲ. ಕಾರಣದ ಸಾಲು ಮಾತ್ರ ಅದೇ: ಶುಲ್ಕ ವ್ಯಾಪ್ತಿಯಿಂದ ಹೊರಗೆ.

ಬಿಟ್‌ಕಾಯಿನ್ ಕೆಲವೇ ಡಾಲರ್‌ಗೆ ಸಿಗುತ್ತಿದ್ದ ಕಾಲದ ಬ್ಲಾಕ್‌ಗಳವು. ಆಗ 0.1 ನಾಣ್ಯದ ಶುಲ್ಕ ಯಾರ ಕಣ್ಣಿಗೂ ದೊಡ್ಡದಲ್ಲ. ಪ್ಯಾಚ್ ಹಾಕಿದಾಗ ನೋಡ್ ಪೂರ್ತಿ ಸಿಂಕ್ ಆಗಿತ್ತು, ಹೊಸ ನಿಯಮ ಮುಂದೆ ಬರುವ ಬ್ಲಾಕ್‌ಗಳಿಗೆ ಮಾತ್ರ ತಾಗುತ್ತಿತ್ತು. ರೀಇಂಡೆಕ್ಸ್ ಮಾಡಿದ ಕೂಡಲೇ ಅದೇ ನಿಯಮ ಇತಿಹಾಸಕ್ಕೂ ಅನ್ವಯಿಸಿತು. ‘ಅಸ್ಯೂಮ್‌ವ್ಯಾಲಿಡ್’ (ಹಳೆಯ ಬ್ಲಾಕ್‌ಗಳು ಸರಿಯಿವೆ ಎಂದು ಹಿಡಿಯುವ ಸೆಟ್ಟಿಂಗ್) ಇದ್ದರೆ ಹಳೆಯ ಬ್ಲಾಕ್‌ಗಳನ್ನು ಪರಿಶೀಲಿಸುವುದೇ ಇಲ್ಲ ಎಂದು ಹಲವರು ತಿಳಿದಿರುತ್ತಾರೆ. ಅದು ಬಿಟ್ಟುಕೊಡುವುದು ಸ್ಕ್ರಿಪ್ಟ್ ಮತ್ತು ಸಹಿಗಳ ಪರಿಶೀಲನೆ ಮಾತ್ರ. ಮೊತ್ತಗಳ ಲೆಕ್ಕ ಪ್ರತಿ ಬ್ಲಾಕಿಗೂ ನಡೆಯುತ್ತದೆ.

ಇಲ್ಲಿ ನಿಂತು ಯೋಚಿಸಬೇಕಿತ್ತು. ತಂಡ ಮಾಡಿದ್ದು ಪೂರ್ಣ ‘ರೀಇಂಡೆಕ್ಸ್’. ಅದು ಬ್ಲಾಕ್ ಕಡತಗಳನ್ನೆಲ್ಲ ಮೊದಲು ಓದಿ ಸೂಚಿಯನ್ನೇ ಹೊಸದಾಗಿ ಕಟ್ಟುತ್ತದೆ. ಏಳು ನೂರು ಜಿಬಿ ಓದಲು ಗಂಟೆಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಿಗೆ ಹೋಗಿ ಹೊಸ ಎಸ್‌ಎಸ್‌ಡಿ ತರುವ ಮಾತೂ ನಡೆದಿತ್ತು. ಕೊನೆಗೆ ನೋಡ್ ನಿಂತದ್ದು ಅದೇ ಎತ್ತರದಲ್ಲಿ, ಅದೇ ಹ್ಯಾಶ್‌ನ (ಬ್ಲಾಕಿನ ಗುರುತಿನ ಸಂಖ್ಯೆ) ಬ್ಲಾಕಿನ ಮುಂದೆ.

‘ಡಿಸ್ಕ್ ಕೆಟ್ಟಿದ್ರ ಎರಡ ಸಲನೂ ಅದೇ ಬ್ಲಾಕಿಗೆ ಹ್ಯಾಂಗ ನಿಂದ್ರತದರಿ?’ ಎಂದು ಕೇಳಿದವರು ಮೂರನೆಯ ಡೆವಲಪರ್. ಪ್ಯಾಚಿನ ಚರ್ಚೆಯಲ್ಲಿ ಅವರು ಇರಲೇ ಇಲ್ಲ.

ಪ್ರಶ್ನೆ ಸರಿಯಾದದ್ದು, ಆದರೆ ಅರ್ಧ. ಒಂದು ಬ್ಲಾಕ್ ಕಡತದ ಒಂದೇ ಜಾಗ ಹಾಳಾಗಿದ್ದರೂ ನೋಡ್ ಪ್ರತಿ ಸಲ ಅಲ್ಲೇ ನಿಲ್ಲಬಹುದು. ಎತ್ತರದ ಜೊತೆ ತಿರಸ್ಕಾರದ ಕಾರಣವನ್ನೂ ಸೇರಿಸಿ ಓದಬೇಕು. ಓದಲಾಗಲಿಲ್ಲ, ಚೆಕ್‌ಸಮ್ ಹೊಂದಲಿಲ್ಲ ಎಂದಿದ್ದರೆ ಡಿಸ್ಕ್ ನೋಡಿ. ನಿಯಮದ ಹೆಸರು ಹೇಳಿ ತಿರಸ್ಕರಿಸಿದ್ದರೆ ಬೈನರಿ ನೋಡಿ. ಆ ಹ್ಯಾಶನ್ನು ಯಾವುದೇ ಸಾರ್ವಜನಿಕ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಬ್ಲಾಕ್‌ಗಳನ್ನು ಹುಡುಕಿ ನೋಡುವ ವೆಬ್‌ತಾಣ) ಹಾಕಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ: ಜಗತ್ತೆಲ್ಲ ಒಪ್ಪಿದ ಬ್ಲಾಕನ್ನು ನಿಮ್ಮ ಒಂದು ನೋಡ್ ಒಪ್ಪುತ್ತಿಲ್ಲ.

ಇನ್ನೊಂದು ಕುರುಹು ಪೀರ್‌ಗಳ, ಅಂದರೆ ಸಂಪರ್ಕದಲ್ಲಿರುವ ಬೇರೆ ನೋಡ್‌ಗಳ, ಪಟ್ಟಿಯಲ್ಲಿತ್ತು. ನೋಡ್ ತಾನಾಗಿ ಎಂಟು ಪೂರ್ಣ ಸಂಪರ್ಕ, ಬ್ಲಾಕಿಗಾಗಿಯೇ ಇನ್ನೆರಡು ಸಂಪರ್ಕ ಮಾಡಿಕೊಳ್ಳುತ್ತದೆ. ಮೊದಲ ಬೆಳಗ್ಗೆ ‘ಗೆಟ್‌ಪೀರ್‌ಇನ್ಫೋ’ ನೋಡಿದ್ದರೆ ಯಾವ ಸಂಪರ್ಕಕ್ಕೂ ಹೆಚ್ಚು ವಯಸ್ಸಿರುತ್ತಿರಲಿಲ್ಲ. ಪೀರ್ ಬರುತ್ತದೆ, ತಿರಸ್ಕೃತ ಬ್ಲಾಕಿನ ಮೇಲಿನ ಹೆಡರ್ ಕೊಡುತ್ತದೆ, ನೋಡ್ ಅದನ್ನು ದುರ್ನಡತೆ ಎಂದು ಬಗೆದು ಸಂಪರ್ಕ ಕಡಿಯುತ್ತದೆ. ಮತ್ತೊಂದು ಬರುತ್ತದೆ. ನೆಟ್ ಸರಿಯಿಲ್ಲ ಎಂದು ರೌಟರ್ ಆಫ್-ಆನ್ ಮಾಡುವವರೇ ಹೆಚ್ಚು.

ಕನ್ಸೆನ್ಸಸ್ ಮತ್ತು ಪಾಲಿಸಿ

ಇಡೀ ಪ್ರಕರಣದ ಗಂಟು ಇಲ್ಲಿದೆ. ಒಂದು ವಹಿವಾಟನ್ನು ನನ್ನ ಮೆಂಪೂಲ್‌ಗೆ (ಬ್ಲಾಕಿಗೆ ಸೇರಲು ಕಾಯುವ ವಹಿವಾಟುಗಳ ಸಂಗ್ರಹ) ಸೇರಿಸಲೇ, ಬೇರೆಯವರಿಗೆ ದಾಟಿಸಲೇ ಎಂಬುದು ಪಾಲಿಸಿ. ಪ್ರತಿ ನೋಡ್ ತನಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಮೈನರ್ ಬ್ಲಾಕಿಗೆ ಸೇರಿಸಿಯಾದ ವಹಿವಾಟು ಸಿಂಧುವೇ ಎಂಬುದು ಕನ್ಸೆನ್ಸಸ್. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ನೋಡ್ ಜಾಲದಿಂದ ಬೇರೆಯಾಗುತ್ತದೆ.

‘ಚೆಕ್‌ಟಿಎಕ್ಸ್‌ಇನ್‌ಪುಟ್ಸ್’ಗೆ ಮುಖ್ಯವಾಗಿ ಎರಡು ಕಡೆಯಿಂದ ಕರೆ ಬರುತ್ತದೆ. ಮೆಂಪೂಲ್‌ಗೆ ಸೇರಿಸುವ ಮುನ್ನ ಒಮ್ಮೆ, ಬ್ಲಾಕ್ ಜೋಡಿಸುವಾಗ ಇನ್ನೊಮ್ಮೆ. ಬ್ಲಾಕ್ ಜೋಡಿಸುವಾಗ ಯಾವೊಂದು ವಹಿವಾಟು ಇಲ್ಲಿ ಸೋತರೂ ಇಡೀ ಬ್ಲಾಕೇ ಅಸಿಂಧು. ರೆಗ್‌ಟೆಸ್ಟ್‌ನಲ್ಲಿ ಪರೀಕ್ಷಿಸಿದ್ದು ಮೊದಲನೆಯ ದಾರಿಯನ್ನು ಮಾತ್ರ. ಎರಡನೆಯದರಲ್ಲಿ ತೊಂದರೆ ಕಾಣುವುದು ಇಂಥ ವಹಿವಾಟಿರುವ, ಬೇರೊಬ್ಬರು ಮೈನ್ ಮಾಡಿದ ಬ್ಲಾಕನ್ನು ಜೋಡಿಸುವಾಗಷ್ಟೇ.

ಫಂಕ್ಷನ್ ಇರುವ ಕಡತ ‘ಕನ್ಸೆನ್ಸಸ್’ ಫೋಲ್ಡರಿನಲ್ಲಿದೆ. ರಿವ್ಯೂ ಪುಟದ ಮೇಲ್ಭಾಗದಲ್ಲೇ ಆ ಹೆಸರಿತ್ತು. ‘ನಾ ಸಾಲು ಓದೀನ್ರಿ, ಫೈಲಿನ ಹೆಸರು ಓದಿಲ್ಲ’ ಎಂದರು ಹಿರಿಯರು. ಒಂದು ಸಾಲಿನ ಡಿಫ್ (ಬದಲಾದ ಸಾಲುಗಳ ಪಟ್ಟಿ) ಓದುವವರು ಹೆಚ್ಚಾಗಿ ಮಾಡುವುದು ಇದನ್ನೇ. ಸಾಲು ಸರಿಯಾಗಿಯೇ ಇತ್ತು, ಇರಬಾರದ ಜಾಗದಲ್ಲಿತ್ತು.

ಗೊತ್ತಿಲ್ಲದೆ ನಿಯಮ ಬಿಗಿಯಾದರೆ ಏನಾಗುತ್ತದೆ ಎಂಬುದಕ್ಕೆ ಬಿಟ್‌ಕಾಯಿನ್‌ನ ಇತಿಹಾಸದಲ್ಲೇ ದೊಡ್ಡ ಉದಾಹರಣೆಯಿದೆ. 2013ರ ಮಾರ್ಚ್ 11-12ರಂದು ಹಳೆಯ 0.7 ನೋಡ್‌ಗಳು ಬರ್ಕ್ಲಿ ಡಿಬಿ ಎಂಬ ಡೇಟಾಬೇಸಿನ ಲಾಕ್ ಮಿತಿಗೆ ಸಿಕ್ಕಿ ಒಂದು ದೊಡ್ಡ ಬ್ಲಾಕನ್ನು ನಿರಾಕರಿಸಿದವು, ಲೆವೆಲ್‌ಡಿಬಿಗೆ ಬದಲಾಗಿದ್ದ 0.8 ಒಪ್ಪಿತು, ಸರಪಳಿ ಎರಡಾಯಿತು. ಡೇಟಾಬೇಸ್ ಸೆಟ್ಟಿಂಗ್ ಒಂದು ಯಾರಿಗೂ ತಿಳಿಯದೆ ಕನ್ಸೆನ್ಸಸ್ ನಿಯಮವಾಗಿ ಕುಳಿತಿತ್ತು. ಸಡಿಲವಾದರೆ ಇನ್ನೂ ಅಪಾಯ. ಒಂದೇ ಇನ್‌ಪುಟ್ ಅನ್ನು ವಹಿವಾಟಿನೊಳಗೆ ಎರಡು ಸಲ ಬಳಸಿದ್ದನ್ನು ಹಿಡಿಯುವ ಪರಿಶೀಲನೆಯನ್ನು ವೇಗಕ್ಕಾಗಿ ಬ್ಲಾಕ್ ಹಂತದಲ್ಲಿ ಬಿಟ್ಟದ್ದರಿಂದ 0.14ರಿಂದ 0.16.2ರವರೆಗಿನ ಆವೃತ್ತಿಗಳಲ್ಲಿ ದೋಷ ಉಳಿದು, 2018ರ ಸೆಪ್ಟೆಂಬರ್‌ನಲ್ಲಿ 0.16.3 ತುರ್ತಾಗಿ ಬರಬೇಕಾಯಿತು. ಅಲ್ಲೆಲ್ಲ ನುರಿತವರ ಕಣ್ಣು ದಾಟಿ ಬಂದ ಬದಲಾವಣೆಗಳೇ. ಹಾಗಿರುವಾಗ ಕಚೇರಿಯೊಳಗೇ ಇಬ್ಬರು ನೋಡಿ ಒಪ್ಪಿದ ಪ್ಯಾಚಿನ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ಓದುಗರೇ ಅಂದಾಜು ಮಾಡಬಹುದು.

ಸರಿಪಡಿಸಿದ ಬಗೆ

ನೋಡ್ ನಿಲ್ಲಿಸಿ ಮೊದಲು ಲಾಗ್ ಕಡತದ ಪ್ರತಿ ತೆಗೆದಿಟ್ಟರು. ಪ್ಯಾಚ್ ಇಲ್ಲದ ಅಧಿಕೃತ 29.0 ಬೈನರಿ ಇಳಿಸಿಕೊಂಡು, ಜೊತೆಗೆ ಬರುವ ಶಾ-256 ಪಟ್ಟಿಯ ಸಹಿಗಳನ್ನು ಜಿಪಿಜಿಯಿಂದ, ಕಡತವನ್ನು ಆ ಪಟ್ಟಿಯಿಂದ ತಾಳೆ ನೋಡಿದರು. ಹೊಸ ಬೈನರಿ ಶುರು ಮಾಡಿದರೂ ನೋಡ್ ಕದಲಲಿಲ್ಲ.

ಇದು ಬಹಳ ಜನರಿಗೆ ಗೊತ್ತಿಲ್ಲದ ಹಂತ. ಬ್ಲಾಕ್ ಅಸಿಂಧು ಎಂಬ ಗುರುತನ್ನು ನೋಡ್ ಬ್ಲಾಕ್ ಸೂಚಿಯಲ್ಲಿ ಬರೆದಿಡುತ್ತದೆ, ಅದು ಡಿಸ್ಕಿನಲ್ಲಿ ಉಳಿಯುತ್ತದೆ. ಬೈನರಿ ಬದಲಿಸಿದರೆ ಗುರುತು ಹೋಗುವುದಿಲ್ಲ, ‘ರೀಇಂಡೆಕ್ಸ್-ಚೈನ್‌ಸ್ಟೇಟ್’ ಕೂಡ ಅದನ್ನು ಮುಟ್ಟುವುದಿಲ್ಲ. ಪೀರ್‌ಗಳ ಮೇಲಿನ ಸಿಟ್ಟು ಮಾತ್ರ ಮೆಮೊರಿಯಲ್ಲಿರುವುದರಿಂದ ರೀಸ್ಟಾರ್ಟ್‌ಗೆ ಹೋಗುತ್ತದೆ. ‘ಗೆಟ್‌ಚೈನ್‌ಟಿಪ್ಸ್’ ಕೊಟ್ಟಾಗ ‘ಆಕ್ಟಿವ್’ ತುದಿ ಒಂದು, ‘ಇನ್‌ವ್ಯಾಲಿಡ್’ ಎಂಬ ಸ್ಥಿತಿಯ ಉದ್ದ ಕವಲೊಂದು ಕಂಡವು. ಲಾಗ್‌ನಿಂದ ತಿರಸ್ಕೃತ ಬ್ಲಾಕಿನ ಹ್ಯಾಶ್ ತೆಗೆದುಕೊಂಡು ‘ರೀಕನ್ಸಿಡರ್‌ಬ್ಲಾಕ್’ ಕೊಟ್ಟರು. ಇದು ಆ ಬ್ಲಾಕಿನ ಜೊತೆ ಅದರ ಮೇಲಿನ ಎಲ್ಲ ಬ್ಲಾಕ್‌ಗಳ ಗುರುತನ್ನೂ ಅಳಿಸುತ್ತದೆ.

ಆದೇಶ ಕೊಟ್ಟ ಮೇಲೆ ಕಾಯುವ ತಾಳ್ಮೆ ಬೇಕು. ಬ್ಲಾಕ್ ಜೋಡಿಸುವ ಕೆಲಸ ಅದೇ ಕರೆಯೊಳಗೆ ನಡೆಯುವುದರಿಂದ ಉತ್ತರ ಬೇಗ ಬರುವುದಿಲ್ಲ. 900 ಸೆಕೆಂಡಿಗೆ ಕಮಾಂಡ್ ಲೈನ್ ಟೈಮ್‌ಔಟ್ ಎಂದು ಕೈಬಿಡುತ್ತದೆ, ನೋಡ್ ಒಳಗೆ ಕೆಲಸ ಮುಂದುವರಿಸಿರುತ್ತದೆ. ಆಗ ಗಾಬರಿಯಾಗಿ ಯಂತ್ರ ಆಫ್ ಮಾಡಬಾರದು, ಲಾಗ್‌ನಲ್ಲಿ ಎತ್ತರ ಏರುತ್ತಿದೆಯೇ ನೋಡಿದರೆ ಸಾಕು. ‘ಡಿಬಿಕ್ಯಾಶ್’ (ಡೇಟಾಬೇಸಿಗೆ ಮೀಸಲಿಡುವ ಮೆಮೊರಿ) ಅನ್ನು ಆ ಆವೃತ್ತಿಯ ಡೀಫಾಲ್ಟ್ 450ರಿಂದ 6000 ಎಂಬಿಗೆ ಏರಿಸಿದ್ದರೂ ಎರಡು ಲಕ್ಷದಿಂದ ಒಂಬತ್ತು ಲಕ್ಷದವರೆಗೆ ಮತ್ತೆ ಜೋಡಿಸಲು ಒಂದು ದಿನಕ್ಕೂ ಹೆಚ್ಚು ಬೇಕಾಯಿತು. ಮೊದಲ ಬೆಳಗ್ಗೆಯೇ ರೀಇಂಡೆಕ್ಸ್ ಮುಟ್ಟದೆ ಇಷ್ಟನ್ನೇ ಮಾಡಿದ್ದರೆ ಜೋಡಿಸಬೇಕಿದ್ದದ್ದು ಎಪ್ಪತ್ತು ಬ್ಲಾಕ್, ಕೆಲವು ನಿಮಿಷದ ಮಾತು.

ಪ್ಯಾಚಿನ ಗತಿ

ಮಿತಿ ಬೇಕೆಂಬುದು ಹಾಗೇ ಉಳಿದಿತ್ತು. ಕಿರಿಯರು ಅದೇ ಪರಿಶೀಲನೆಯನ್ನು ಮೆಂಪೂಲ್ ಪ್ರವೇಶದ ‘ಪ್ರೀಚೆಕ್ಸ್’ಗೆ ಸರಿಸೋಣ ಎಂದರು. ಅಲ್ಲಿದ್ದರೆ ಬ್ಲಾಕ್ ತಿರಸ್ಕಾರದ ಭಯವಿಲ್ಲ, ಮಾತು ಸರಿ. ಮೂರನೆಯವರು ಒಪ್ಪಲಿಲ್ಲ: ‘ನಮ್ಮ ಟೂಲ್ ತಪ್ಪು ಮಾಡ್ತದಂತ ಊರ ಮಂದಿ ವಹಿವಾಟು ಯಾಕ ತಡೀಬೇಕ್ರಿ?’ ಅವರ ವಾದಕ್ಕೆ ತಾಂತ್ರಿಕ ಬಲವೂ ಇತ್ತು. ಮೆಂಪೂಲ್‌ನಲ್ಲಿ ಇರದ ವಹಿವಾಟು ಬ್ಲಾಕಿನಲ್ಲಿ ಬಂದರೆ ಕಾಂಪ್ಯಾಕ್ಟ್ ಬ್ಲಾಕನ್ನು (ವಹಿವಾಟುಗಳ ಬದಲು ಅವುಗಳ ಕಿರುಗುರುತು ಕಳಿಸುವ ಬ್ಲಾಕ್) ಪೂರ್ತಿ ಮಾಡಲು ಪೀರ್‌ನಿಂದ ಅದನ್ನು ಮತ್ತೆ ಕೇಳಿ ತರಿಸಬೇಕು, ಅಷ್ಟು ತಡ. ಪ್ರತಿ ಹೊಸ ಆವೃತ್ತಿಗೂ ಪ್ಯಾಚನ್ನು ರೀಬೇಸ್ ಮಾಡುವ, ಅಂದರೆ ಹೊಸ ಕೋಡಿಗೆ ಹೊಂದಿಸುವ, ಹೊರೆ ಬೇರೆ.

ಕೊನೆಗೆ ಪರಿಶೀಲನೆ ನೋಡ್‌ನಿಂದ ಹೊರಬಂದು ಟೂಲ್‌ಗೆ ಹೋಯಿತು. ಕಳಿಸುವ ಮುನ್ನ ಸಹಿಯಾದ ವಹಿವಾಟನ್ನು ‘ಟೆಸ್ಟ್‌ಮೆಂಪೂಲ್‌ಆಕ್ಸೆಪ್ಟ್’ಗೆ ಕೊಡುವುದು, ಉತ್ತರದಲ್ಲಿ ಬರುವ ‘ಫೀಸ್’ ಒಳಗಿನ ‘ಬೇಸ್’ ಮೊತ್ತ ಮಿತಿ ದಾಟಿದರೆ ಅಲ್ಲೇ ನಿಲ್ಲಿಸುವುದು. ಪೈಥಾನ್‌ನಲ್ಲಿ ನಾಲ್ಕೈದು ಸಾಲು. ನನ್ನ ಅಭಿಪ್ರಾಯದಲ್ಲಿ ಇದು ಮೊದಲ ದಿನವೇ ಹೊಳೆಯಬೇಕಿದ್ದ ದಾರಿ.

ಮುಂದೆ ಎಂದಾದರೂ ಪ್ಯಾಚ್ ಬೇಕೇ ಆದರೆ ಎರಡು ಪರೀಕ್ಷೆ ಕಡ್ಡಾಯ ಎಂದು ಬರೆದಿಟ್ಟರು. ಮೊದಲನೆಯದು ಕೋರ್‌ನಲ್ಲೇ ಇರುವ ‘ಫೀಚರ್_ಬ್ಲಾಕ್’ ಎಂಬ ಫಂಕ್ಷನಲ್ ಟೆಸ್ಟ್. ಅದು ಕಟ್ಟುವ ವಹಿವಾಟುಗಳಲ್ಲಿ ಹಲವು ಒಂದು ಸತೋಶಿ ಬಿಟ್ಟು ಉಳಿದದ್ದನ್ನೆಲ್ಲ ಶುಲ್ಕಕ್ಕೆ ಹಾಕುತ್ತವೆ. ಅದನ್ನೊಂದು ಓಡಿಸಿದ್ದರೆ ಈ ಪ್ಯಾಚ್ ಅಲ್ಲೇ ಬಿದ್ದುಹೋಗುತ್ತಿತ್ತು. ಎರಡನೆಯದು ಖಾಲಿ ಡೇಟಾ ಫೋಲ್ಡರಿನಲ್ಲಿ ‘ಸ್ಟಾಪ್‌ಅಟ್‌ಹೈಟ್’ 200000 ಕೊಟ್ಟು ಮುಖ್ಯ ಸರಪಳಿಯನ್ನು ಅಷ್ಟರವರೆಗೆ ಸಿಂಕ್ ಮಾಡುವುದು. ಆ ಕಾಲದ ಬ್ಲಾಕ್‌ಗಳು ಕೆಲವೇ ಜಿಬಿ.

ಕೊನೆಯದು ಅಲಾರಂ. ನೋಡ್ ನಿಂತದ್ದು ತಂಡಕ್ಕೆ ಗೊತ್ತಾದದ್ದು ಗ್ರಾಹಕರು ‘ಹಣ ಕಳಿಸಿದ್ದೇವೆ, ಕನ್ಫರ್ಮೇಶನ್ ಸೊನ್ನೆ ತೋರಿಸುತ್ತಿದೆ’ ಎಂದು ಫೋನ್ ಮಾಡಿದಾಗ. ಹೆಡರ್ ಮತ್ತು ಬ್ಲಾಕ್ ಎಣಿಕೆಯ ವ್ಯತ್ಯಾಸವನ್ನು ಮಾತ್ರ ನಂಬುವಂತಿಲ್ಲ, ಹೊಸ ಹೆಡರ್‌ಗಳೂ ನಿಂತುಹೋಗುವುದನ್ನು ಆಗಲೇ ನೋಡಿದೆವು. ಕೊನೆಯ ಬ್ಲಾಕ್ ಬಂದು ಎಷ್ಟು ಹೊತ್ತಾಯಿತು ಎಂಬುದನ್ನು ಅಳೆಯುವುದು ಉತ್ತಮ. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ ಎಂದು ಹಿಡಿದರೆ, ಒಂದು ಗಂಟೆ ಮೀರಿದ ಅಂತರ ಮೂರು ದಿನಕ್ಕೊಮ್ಮೆ ಸಹಜವಾಗಿಯೇ ಬರುತ್ತದೆ, ಅಲಾರಂ ಕೇಳಿ ಕೇಳಿ ಬೇಸರ ಬರುತ್ತದೆ. 90 ನಿಮಿಷಕ್ಕೆ ಇಟ್ಟರೆ ಸುಳ್ಳು ಕರೆ ಸುಮಾರು ಎರಡು ತಿಂಗಳಿಗೊಂದು. ಎರಡು ಗಂಟೆಗೆ ಇಟ್ಟರೆ ಮೂರು ವರ್ಷಕ್ಕೊಂದು. ತಂಡ 90 ನಿಮಿಷಕ್ಕೆ ಇಟ್ಟಿತು. ಅಲಾರಂ ಓಡುವುದು ಊರ ಹೊರಗಿನ ಒಂದು ಸಣ್ಣ ಕ್ಲೌಡ್ ಯಂತ್ರದಲ್ಲಿ. ಕಚೇರಿಯ ಕರೆಂಟ್ ಹೋದಾಗ ಕಚೇರಿಯೊಳಗಿನ ಅಲಾರಂ ಕೂಡ ಅದರ ಜೊತೆಗೇ ಹೋಗಿರುತ್ತದೆ.